ರಕ್ತ ಕೊಟ್ಟವರಿಗೆ ಉತ್ತರ ಕೊಡಿ

ಈಚಿನ ವರ್ಷಗಳಲ್ಲಿ ಸರಕಾರದ ಬಾಯಲ್ಲಿ ಒಂದು ಶಬ್ದ ಬಹಳ ಸಲೀಸಾಗಿ ಓಡಾಡುತ್ತಿದೆ: ದಕ್ಷತೆ. ರೇಷನ್ ಅಂಗಡಿಗೆ ದಕ್ಷತೆ, ಕನ್ನಡ ಶಾಲೆಗೆ ದಕ್ಷತೆ, ದವಾಖಾನೆಗೆ ದಕ್ಷತೆ. ಕೇಳಲಿಕ್ಕೆ ಚೆಂದವಾದ ಶಬ್ದ. ಯಾರು ಬೇಡ ಅಂತಾರೆ? ಆದರೆ ಈ ಶಬ್ದ ನಮ್ಮ ಕೇರಿಗೆ ಬಂದಾಗಲೆಲ್ಲ ಏನನ್ನೋ ಕಿತ್ತುಕೊಂಡು ಹೋಗಿದೆ. ಮಕ್ಕಳು ಕಡಿಮೆ ಅಂತ ಶಾಲೆಗೆ ಬೀಗ ಬಿತ್ತು. ಹೆಬ್ಬೆಟ್ಟು ಹೊಂದಲಿಲ್ಲ ಅಂತ ಅಕ್ಕಿ ನಿಂತಿತು. ಅದೇ ಅಳತೆಗೋಲು ಎಚ್‌ಐವಿ ರಕ್ತಪರೀಕ್ಷೆಯ ಲ್ಯಾಬುಗಳ ಬಾಗಿಲಿಗೂ ಬಂದಿದೆ. ಒಂದು ಪರೀಕ್ಷೆಗೆ ಎಷ್ಟು ಖರ್ಚು? ಒಬ್ಬ ಟೆಕ್ನಿಷಿಯನ್ ದಿನಕ್ಕೆ ಎಷ್ಟು ನಮೂನೆ ನೋಡುತ್ತಾನೆ? ಒಂದು ಯಂತ್ರ ತಿಂಗಳಲ್ಲಿ ಎಷ್ಟು ಹೊತ್ತು ಸುಮ್ಮನೆ ಕೂತಿರುತ್ತದೆ?

ಈ ಲೆಕ್ಕಗಳು ಬೇಡವೆಂದು ನಾನು ಹೇಳುವುದಿಲ್ಲ. ಅದು ಸಾರ್ವಜನಿಕರ ದುಡ್ಡು, ಬೆಂಕಿಪೊಟ್ಟಣಕ್ಕೂ ತೆರಿಗೆ ಕೊಟ್ಟ ನಮ್ಮ ಅವ್ವಂದಿರ ದುಡ್ಡು. ಲೆಕ್ಕ ಕೇಳಲೇಬೇಕು. ಆದರೆ ಈ ಲೆಕ್ಕದ ಪುಸ್ತಕದಲ್ಲಿ ಕಿಟ್ಟು ಇದೆ, ಯಂತ್ರ ಇದೆ, ಕರೆಂಟು ಇದೆ. ತೋಳು ಚಾಚಿ ರಕ್ತ ಕೊಟ್ಟವಳು ಮಾತ್ರ ಇಲ್ಲ. ಸೂಜಿ ಚುಚ್ಚಿದ ಗಳಿಗೆಯಿಂದ ಹಿಡಿದು, ಉತ್ತರ ಅವಳ ಕೈಗೆ ಅವಳ ಭಾಷೆಯಲ್ಲಿ ಮುಟ್ಟುವ ಗಳಿಗೆಯ ತನಕ ಅಳೆಯದ ದಕ್ಷತೆಯನ್ನು ನಾನು ದಕ್ಷತೆ ಎಂದು ಒಪ್ಪುವುದಿಲ್ಲ. ಈ ಲೇಖನದ ಜಗಳ ಇಷ್ಟೆ.

ಸಂಗಾತಿಗಳೆ, ನಮ್ಮ ದೇಶದಲ್ಲಿ ಈ ಪರೀಕ್ಷೆಯ ಚರಿತ್ರೆ ಶುರುವಾಗುವುದೇ ಬೀಗ ಹಾಕಿದ ಮನೆಯೊಳಗಿಂದ. 1986ರಲ್ಲಿ ಮದರಾಸಿನಲ್ಲಿ ಡಾ. ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ನಿರ್ಮಲಾ ಭಾರತದ ಮೊದಲ ಎಚ್‌ಐವಿ ಸೋಂಕುಗಳನ್ನು ಪತ್ತೆಹಚ್ಚಿದರು. ರಕ್ತದ ನಮೂನೆಗಳು ಪರೀಕ್ಷೆಗೆ ಹೋದದ್ದು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ. ಆ ರಕ್ತ ಯಾರದು? ಮೈ ಮಾರಿ ಹೊಟ್ಟೆ ಹೊರೆಯುತ್ತಿದ್ದ, ಹಿಡಿದು ತಂದು ರಿಮ್ಯಾಂಡ್ ಹೋಮಿನಲ್ಲಿ ಕೂಡಿದ್ದ ಹೆಂಗಸರದು. ಈ ಪವಿತ್ರ ನಾಡಿಗೆ ಅಂಥ ರೋಗ ಬರುವುದುಂಟೆ ಎಂದು ದೊಡ್ಡವರು ಮೀಸೆ ತಿರುವುತ್ತಿದ್ದಾಗ ಸತ್ಯವನ್ನು ಎತ್ತಿ ತೋರಿಸಿದ ಆ ಇಬ್ಬರು ಹೆಣ್ಣುಮಕ್ಕಳಿಗೆ ನನ್ನ ಶರಣು. ಆದರೆ ದೇಶ ಆ ಸತ್ಯವನ್ನು ಏನು ಮಾಡಿತು?

1989ರಲ್ಲಿ ಗೋವಾದ ಡೊಮಿನಿಕ್ ಡಿಸೋಜಾ ಎಂಬ ಯುವಕ, ಇನ್ನೊಬ್ಬರ ಜೀವ ಉಳಿಸಲೆಂದು ರಕ್ತದಾನ ಮಾಡುತ್ತಿದ್ದವನು, ಪೊಲೀಸರ ಕೈಗೆ ಸಿಕ್ಕ. ಅವನ ರಕ್ತದಲ್ಲಿ ಎಚ್‌ಐವಿ ಇದೆ ಎಂಬುದು ಅವನಿಗೆ ಗೊತ್ತಾಗುವ ಮೊದಲೇ ಪೊಲೀಸರಿಗೆ ಗೊತ್ತಿತ್ತು. ಗೋವಾದ ಸಾರ್ವಜನಿಕ ಆರೋಗ್ಯ ಕಾನೂನಿನ ಹೆಸರಲ್ಲಿ ಅವನನ್ನು ಹಳೇ ಕ್ಷಯರೋಗದ ಆಸ್ಪತ್ರೆಯೊಂದರಲ್ಲಿ 64 ದಿನ ಒಂಟಿಯಾಗಿ ಕೂಡಿಹಾಕಿದರು. ಅವನು ಸತ್ತದ್ದು 1992ರಲ್ಲಿ. ನೋಡಿ, ಆವತ್ತು ಲ್ಯಾಬು ಎಷ್ಟು ದಕ್ಷವಾಗಿತ್ತು! ಹಿಡಿಯುವುದಕ್ಕೆ, ಬೇಲಿ ಹಾಕುವುದಕ್ಕೆ, ಊರ ಹೊರಗೆ ಇಡುವುದಕ್ಕೆ ಈ ವ್ಯವಸ್ಥೆಗೆ ಯಾವತ್ತೂ ತಡವಾಗಿಲ್ಲ. ಊರ ಹೊರಗೆ ಇಡುವ ವಿದ್ಯೆಯಲ್ಲಿ ಇದಕ್ಕೆ ಸಾವಿರಾರು ವರ್ಷದ ಅನುಭವ ಇದೆ.

ಗಡಿಯಾರ ನಿಧಾನವಾದದ್ದು ಬದುಕಿಸುವ ಕಾಲ ಬಂದಾಗ. ರಕ್ತದ ಒಂದು ಮಿಲಿಲೀಟರಿನಲ್ಲಿ ಎಷ್ಟು ವೈರಸ್ ಇದೆ ಎಂದು ಎಣಿಸುವ ವೈರಲ್ ಲೋಡ್ ಪರೀಕ್ಷೆಗೆ ಅಮೆರಿಕದಲ್ಲಿ ಸರಕಾರದ ಒಪ್ಪಿಗೆ ಸಿಕ್ಕಿದ್ದು 1996ರಲ್ಲಿ. ನಮ್ಮಲ್ಲಿ ನ್ಯಾಕೊ, ಅಂದರೆ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ, ಹುಟ್ಟಿದ್ದು 1992ರಲ್ಲಿ. ಎಆರ್‌ಟಿ ಗುಳಿಗೆ ಪುಕ್ಕಟೆ ಸಿಗಲು ಶುರುವಾದದ್ದು 2004ರ ಏಪ್ರಿಲ್‌ನಲ್ಲಿ. ಆ ಗುಳಿಗೆ ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂದು ನೋಡುವ ವೈರಲ್ ಲೋಡ್ ಪರೀಕ್ಷೆ ಚಿಕಿತ್ಸೆಯಲ್ಲಿರುವ ಎಲ್ಲರಿಗೂ ಎಂದು ಘೋಷಣೆಯಾದದ್ದು 2018ರ ಫೆಬ್ರವರಿಯಲ್ಲಿ. ನಡುವೆ ಹದಿನಾಲ್ಕು ವರ್ಷ. ಆ ಹದಿನಾಲ್ಕು ವರ್ಷ, ಗುಳಿಗೆ ಸೋತಿದೆ ಎಂಬ ಅನುಮಾನ ಬಂದವರಿಗೆ ಮಾತ್ರ ಕೆಲವೇ ಲ್ಯಾಬುಗಳಲ್ಲಿ ಆ ಪರೀಕ್ಷೆ. ರಾಮನ ಹದಿನಾಲ್ಕು ವರ್ಷದ ವನವಾಸಕ್ಕೆ ಮಹಾಕಾವ್ಯ ಹುಟ್ಟಿತು. ಈ ವನವಾಸಕ್ಕೆ ಕಣ್ಣೀರು ಹಾಕಿದ ಕವಿಗಳನ್ನು ನಾನು ಹೆಚ್ಚು ಕಂಡಿಲ್ಲ.

ಬಡದೇಶ, ಏನು ಮಾಡುವುದು ಅನ್ನುವವರು 2020ನ್ನು ನೆನೆಸಿಕೊಳ್ಳಲಿ. ಆ ಜನವರಿಯಲ್ಲಿ ಕೋವಿಡ್ ಪರೀಕ್ಷೆಗೆ ಇಡೀ ದೇಶಕ್ಕೆ ಇದ್ದದ್ದು ಪುಣೆಯ ವೈರಾಣು ಸಂಸ್ಥೆ ಒಂದೇ. ಜೂನ್ ಮುಗಿಯುವುದರೊಳಗೆ ಲ್ಯಾಬುಗಳ ಸಂಖ್ಯೆ ಸಾವಿರ ದಾಟಿತ್ತು. ಆರು ತಿಂಗಳು! ಹಣ ಬಂತು, ಯಂತ್ರ ಬಂತು, ಜನ ಬಂದರು, ಮೊಬೈಲಿಗೆ ಉತ್ತರವೂ ಬಂತು. ತಪ್ಪೇನಿಲ್ಲ, ಬರಬೇಕಾದದ್ದೇ. ಆದರೆ ಅದರಿಂದ ಒಂದು ಗುಟ್ಟು ಬಯಲಾಯಿತು: ಈ ದೇಶಕ್ಕೆ ಲ್ಯಾಬು ಕಟ್ಟಲು ಬರುತ್ತದೆ. ವಿಮಾನ ಹತ್ತುವವನ ಗಂಟಲು ಕೆರೆದರೆ ಆರು ತಿಂಗಳಲ್ಲಿ ಬರುತ್ತದೆ. ಲಾರಿ ಹತ್ತುವವನ, ಕಬ್ಬು ಕಡಿಯಲು ಗುಳೆ ಹೋಗುವವಳ, ಮುತ್ತು ಕಟ್ಟಿಸಿಕೊಂಡವಳ ಮೈ ಸೊರಗಿದರೆ ದಶಕಗಳು ಹಿಡಿಯುತ್ತವೆ. ರಕ್ತಕ್ಕೆ ಜಾತಿಯಿಲ್ಲ ಅಂತ ಪಠ್ಯಪುಸ್ತಕದಲ್ಲಿ ಓದಿಸುತ್ತೀರಿ, ಮೇಷ್ಟ್ರೆ. ನಿಜ. ಆದರೆ ಯಾವ ರಕ್ತ ಮೊದಲು ಓಡಬೇಕು, ಯಾವುದು ಡಬ್ಬಿಯಲ್ಲಿ ಕಾಯಬೇಕು ಎಂಬುದಕ್ಕೆ ಜಾತಿಯಿದೆ, ವರ್ಗವಿದೆ.

ದೇಶದಲ್ಲಿ ಎಚ್‌ಐವಿ ಜೊತೆ ಬದುಕುತ್ತಿರುವವರು ಸುಮಾರು 25 ಲಕ್ಷ. ಕರ್ನಾಟಕದಲ್ಲೇ ಎರಡೂವರೆ ಲಕ್ಷಕ್ಕಿಂತ ಹೆಚ್ಚು. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆಗೆ ಈ ನೋವು ಬಹಳ ಹಿಂದೆಯೇ ಮನೆಮನೆ ಹೊಕ್ಕಿತು. ದೇವದಾಸಿ ಬಿಡುವುದನ್ನು ನಿಷೇಧಿಸುವ ಕಾನೂನು 1982ರಲ್ಲೇ ಬಂದಿದೆ. ಆದರೆ ಕಾನೂನು ಬಂದ ಮಾತ್ರಕ್ಕೆ ಹೊಲ ಬರಲಿಲ್ಲ, ಕೂಲಿ ಬರಲಿಲ್ಲ. ಮುಂಬಯಿ, ಪುಣೆ, ಸಾಂಗ್ಲಿಯ ದಾರಿ ಮಾತ್ರ ತೆರೆದೇ ಇತ್ತು. ಎಲ್ಲಮ್ಮನ ಹೆಸರಲ್ಲಿ ಮುತ್ತು ಕಟ್ಟಿದವರಿಗೂ, ಆ ಹೆಣ್ಣುಮಕ್ಕಳ ಬಾಗಿಲಿಗೆ ಕತ್ತಲಲ್ಲಿ ಹೋದವರಿಗೂ ಯಾವ ರಿಜಿಸ್ಟರಿನಲ್ಲೂ ನಂಬರು ಬೀಳಲಿಲ್ಲ. ನಂಬರು ಬಿದ್ದದ್ದು ಅವಳಿಗೆ.

ಈಗ ಆ ನಂಬರಿನ ರಕ್ತ ಹೋಗುವ ದಾರಿ ನೋಡೋಣ. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮೊದಲು ಒಂದು ಕಿಟ್ಟಿನಿಂದ ನೋಡುತ್ತಾರೆ. ಗೆರೆ ಮೂಡಿದರೆ ಅದೇ ಕೊನೆಯ ತೀರ್ಪಲ್ಲ. ಬೇರೆ ಬೇರೆ ಬಗೆಯ ಮೂರು ಕಿಟ್ಟುಗಳೂ ಒಂದೇ ಮಾತು ಹೇಳಬೇಕು. ಇದು ಸರಿಯಾದ ವಿಜ್ಞಾನ, ಒಂದು ಕಿಟ್ಟಿನ ತಪ್ಪಿಗೆ ಒಂದು ಬಾಳು ಬಲಿಯಾಗಬಾರದು. ಆದರೆ ಮೂರು ಕಿಟ್ಟುಗಳು ಇರುವುದು ತಾಲ್ಲೂಕಿನ ಐಸಿಟಿಸಿಯಲ್ಲಿ, ಅವಳು ಇರುವುದು ಹಳ್ಳಿಯಲ್ಲಿ. ನಾಳೆ ಹೋಗು ಅಂತಾರೆ. 2023ರ ಜೂನ್‌ನಿಂದ ಹೆಂಗಸರಿಗೆ ಬಸ್ಸು ಪುಕ್ಕಟೆಯಾಯಿತು, ಒಳ್ಳೆಯದೇ ಆಯಿತು. ಕೂಲಿಯನ್ನು ಯಾರೂ ಪುಕ್ಕಟೆ ಕೊಡುವುದಿಲ್ಲ. 2025-26ರಲ್ಲಿ ನಮ್ಮ ರಾಜ್ಯದ ಉದ್ಯೋಗಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ. ಪರೀಕ್ಷೆ ಪುಕ್ಕಟೆ ಎಂದು ಬೋರ್ಡು ಬರೆದವರು ಈ 370 ರೂಪಾಯಿಯನ್ನು ಯಾವ ಖಾತೆಗೆ ಬರೆದಿದ್ದಾರೆ? ದಾರಿಯಲ್ಲಿ ಅವಳು ತಪ್ಪಿಹೋದರೆ ಕೇಂದ್ರದ ದಕ್ಷತೆಗೆ ಧಕ್ಕೆ ಇಲ್ಲ. ಅವಳ ಮೊದಲ ಪರೀಕ್ಷೆ ಲೆಕ್ಕಕ್ಕೆ ಸೇರಿಯೇಬಿಟ್ಟಿದೆಯಲ್ಲ!

ಗುಳಿಗೆ ಶುರುವಾದ ಮೇಲೆ ಆರು ತಿಂಗಳಿಗೊಮ್ಮೆ, ಹನ್ನೆರಡು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ವೈರಲ್ ಲೋಡ್ ನೋಡಬೇಕು. ರಕ್ತ ತೆಗೆದ ಕೆಲವೇ ಗಂಟೆಗಳೊಳಗೆ ಪ್ಲಾಸ್ಮಾ ಬೇರೆ ಮಾಡಬೇಕು, ತಂಪಿನಲ್ಲಿಟ್ಟು ದೂರದ ಲ್ಯಾಬಿಗೆ ಕಳಿಸಬೇಕು. ಅಲ್ಲಿಯ ದೊಡ್ಡ ಯಂತ್ರದೊಳಗಿನ ತಟ್ಟೆ ನಮ್ಮ ಅಳಗುಳಿ ಮಣೆಯ ಹಾಗೆ, ಸಾಲುಸಾಲು ಗುಳಿ. ಒಂದು ಬಗೆಯ ಯಂತ್ರದಲ್ಲಿ 96 ಗುಳಿ. ಮೂರು ಗುಳಿ ಯಂತ್ರ ಸರಿಯಿದೆಯೇ ಎಂದು ಒರೆಹಚ್ಚಲು, ಉಳಿದ 93 ಜನರ ರಕ್ತಕ್ಕೆ. ಅದೇ ಯಂತ್ರವನ್ನು 24 ಗುಳಿಗೆ ಓಡಿಸಿದರೂ ಒರೆಹಚ್ಚಲು ಮೂರು ಗುಳಿ ಬೇಕೇ ಬೇಕು. ಆದ್ದರಿಂದ ತಟ್ಟೆ ತುಂಬಿಸಿ ಓಡಿಸಿದರೆ ಒಂದು ಪರೀಕ್ಷೆಗೆ ಖರ್ಚು ಕಡಿಮೆ. ತಟ್ಟೆ ತುಂಬುವ ತನಕ ಏನು ಮಾಡಬೇಕು? ಕಾಯಬೇಕು. ಯಾರು? ಯಂತ್ರವಂತೂ ಅಲ್ಲ. ಯಂತ್ರದ ಖರ್ಚನ್ನು ಉಳಿಸಿ ಆ ಖರ್ಚನ್ನೇ ದಿನಗಳಾಗಿ ಬದಲಿಸಿ ರಕ್ತ ಕೊಟ್ಟವಳ ತಲೆಮೇಲೆ ಹೊರಿಸುವುದಕ್ಕೆ ಇವರು ಇಟ್ಟ ಹೆಸರು ಉಳಿತಾಯ. ಧಣಿಯ ಕಣಜ ತುಂಬುವ ತನಕ ಆಳಿನ ಹೊಟ್ಟೆ ಕಾಯಲಿ ಎಂಬ ಹಳೆಯ ನ್ಯಾಯ ಲ್ಯಾಬಿಗೆ ಬಿಳಿ ಕೋಟು ಹಾಕಿಕೊಂಡು ಬಂದಿದೆ.

ಕಾಯುವುದೆಂದರೆ ಏನು ಎಂಬುದನ್ನು ಲೆಕ್ಕಿಗರಿಗೆ ತಿಳಿಸಿ ಹೇಳಬೇಕಾಗಿದೆ. ವೈರಸ್ 1000ಕ್ಕಿಂತ ಹೆಚ್ಚು ಕಂಡರೆ ಗುಳಿಗೆಯ ಬಗ್ಗೆ ಮತ್ತೆ ತಿಳಿಹೇಳಿ, ಮೂರು ತಿಂಗಳು ಬಿಟ್ಟು ಮತ್ತೆ ರಕ್ತ ತೆಗೆದು, ಆಗಲೂ ಇಳಿಯದಿದ್ದರೆ ಔಷಧ ಬದಲಿಸಬೇಕು. ಮೊದಲ ಉತ್ತರ ತಡ, ಎರಡನೆಯದೂ ತಡ. ಅಷ್ಟರಲ್ಲಿ ಸೋತ ಗುಳಿಗೆಯನ್ನು ನುಂಗುತ್ತ ಒಂದು ಜೀವ ಸವೆಯುತ್ತದೆ, ವೈರಸ್ಸು ಆ ಗುಳಿಗೆಯನ್ನು ಎದುರಿಸಲು ಕಲಿಯುತ್ತದೆ. ಬಸುರಿಗೆ 32ರಿಂದ 36ನೇ ವಾರದಲ್ಲಿ ಈ ಪರೀಕ್ಷೆ ಆಗಬೇಕು, ಹುಟ್ಟುವ ಕೂಸಿಗೆ ಯಾವ ಔಷಧ ಎಂಬುದನ್ನು ಆ ಉತ್ತರ ನೋಡಿ ತೀರ್ಮಾನಿಸುತ್ತಾರೆ. ಉತ್ತರ ತಡವಾದರೇನಂತೆ ಅನ್ನುವವರಿಗೆ ಹೆರಿಗೆ ಕಾಯುವುದಿಲ್ಲ ಎಂಬುದನ್ನು ಯಾವ ಸೂಲಗಿತ್ತಿಯಾದರೂ ಹೇಳಿಯಾಳು. ಇನ್ನು ಕೂಸಿನ ಮಾತು. ಆರನೇ ವಾರಕ್ಕೆ ಹಿಮ್ಮಡಿಗೆ ಚುಚ್ಚಿ ಕಾಗದದ ಮೇಲೆ ರಕ್ತದ ಚುಕ್ಕೆ ಇಟ್ಟು ಒಣಗಿಸಿ ದೂರದ ಲ್ಯಾಬಿಗೆ ಕಳಿಸುತ್ತಾರೆ. ಸೋಂಕು ತಗಲಿದ ಕೂಸುಗಳಿಗೆ ಚಿಕಿತ್ಸೆ ಸಿಗದಿದ್ದರೆ ಸುಮಾರು ಮೂರರಲ್ಲೊಂದು ಒಂದು ವರ್ಷ ತುಂಬುವುದರೊಳಗೆ, ಅರ್ಧದಷ್ಟು ಎರಡು ವರ್ಷ ತುಂಬುವುದರೊಳಗೆ ಸಾಯುತ್ತವೆ. ಬೇಗ ಔಷಧ ಕೊಟ್ಟರೆ ಸಾವು ನೂರಕ್ಕೆ 76ರಷ್ಟು ಇಳಿಯುತ್ತದೆ ಎಂದು 2008ರಲ್ಲೇ ದಕ್ಷಿಣ ಆಫ್ರಿಕದ ಅಧ್ಯಯನ ತೋರಿಸಿಕೊಟ್ಟಿತು. ಆ ಚುಕ್ಕೆ ಕಾಗದ ಯಾವುದೋ ಮೇಜಿನ ಮೇಲೆ ಮಲಗಿದ ಒಂದೊಂದು ದಿನವೂ ತೊಟ್ಟಿಲಿಂದ ಕಳೆದ ದಿನ.

ಇಷ್ಟೆಲ್ಲ ದಾಟಿ ಉತ್ತರ ಬಂತು ಅನ್ನಿ. ಯಾವ ಭಾಷೆಯಲ್ಲಿ? ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಕೇರಿಗೆ ಬರುವ ಬ್ಯಾಂಕಿನ ಕಾಗದ, ಕೋರ್ಟಿನ ಕಾಗದ ಎಲ್ಲ ನನ್ನ ಕೈಗೇ ಬರುತ್ತವೆ. ಹಾಗೇ ಒಬ್ಬ ಅಕ್ಕ ಸೆರಗಿನೊಳಗಿಂದ ಒಂದು ರಿಪೋರ್ಟು ತೆಗೆದಳು. "ಇದರಾಗ ಏನ್ ಬರದೈತಿ, ಓದಿ ಹೇಳವಾ ತಂಗಿ." ಇಂಗ್ಲಿಷಿನಲ್ಲಿ ಮೂರೇ ಶಬ್ದ ಇದ್ದವು: ಟಾರ್ಗೆಟ್ ನಾಟ್ ಡಿಟೆಕ್ಟೆಡ್. ಪತ್ತೆಯಾಗಿಲ್ಲ ಅಂತ ಹೇಳಿದೆ. ಅವಳು ಮುಖ ಅರಳಿಸಿ ಕೇಳಿದಳು: "ಹಂಗಾರ ಬ್ಯಾನಿ ಹೋತು? ಗುಳಿಗಿ ಬಿಡ್ಲೇನು?"

ಬಿಟ್ಟರೆ ವೈರಸ್ಸು ತಿರುಗಿ ಬರುತ್ತದೆ. ಗುಳಿಗೆ ದಿನಾ ನುಂಗಿದ್ದಕ್ಕೇ ಅದು ಎಣಿಕೆಗೆ ಸಿಗದಷ್ಟು ಅಡಗಿದೆ, ಹೀಗೆ ಅಡಗಿರುವ ತನಕ ಸಂಗಾತಿಗೆ ಮೈಸಂಬಂಧದಿಂದ ತಗಲುವುದಿಲ್ಲ, ಅಕ್ಕಾ ನೀನು ಗೆದ್ದೀ ಎಂದು ಹೇಳುವ ಕಾಗದ ಅದು. ಅವಳ ಬಾಳಿಗೆ ಬಂದ ದೊಡ್ಡ ಗೌರವಪತ್ರ. ಅದನ್ನು ಅವಳಿಗೆ ಅರ್ಥವಾಗದಂತೆ ಬರೆದು ಕೊಟ್ಟವರ ದಕ್ಷತೆಗೆ ಏನನ್ನಬೇಕು? ಇನ್ನೂ ಒಂದು ಮಾತಿದೆ. 2017ರ ಎಚ್‌ಐವಿ ಕಾನೂನು, 2018ರ ಸೆಪ್ಟೆಂಬರಿನಲ್ಲಿ ಜಾರಿಯಾದದ್ದು, ಈ ಗುಟ್ಟನ್ನು ಕಾಪಾಡಬೇಕು ಅನ್ನುತ್ತದೆ. ಲ್ಯಾಬು ಕಾಪಾಡಿತು, ದವಾಖಾನೆ ಕಾಪಾಡಿತು. ಆದರೆ ಇಂಗ್ಲಿಷ್ ಚೀಟಿ ಅವಳನ್ನು ಓದು ಬಂದವರ ಬಾಗಿಲು ತಟ್ಟುವ ಹಾಗೆ ಮಾಡಿತು. ಓದಿದವಳು ನಾನಲ್ಲದೆ ಬಾಯಿಬಡುಕ ಗೌಡರ ಹುಡುಗನಾಗಿದ್ದರೆ? ಸಂಜೆಯೊಳಗೆ ಊರಿಗೇ ಡಂಗುರ. ಬ್ರಾಹ್ಮಣ ಸಂಸ್ಕೃತದಲ್ಲಿ ಬಚ್ಚಿಟ್ಟ, ಸಾಹೇಬ ಇಂಗ್ಲಿಷಿನಲ್ಲಿ ಬಚ್ಚಿಟ್ಟ. ನಮ್ಮ ಮೈಯೊಳಗಿನ ರಕ್ತದ ಸಮಾಚಾರವೂ ನಮಗೆ ಅರ್ಥವಾಗಬಾರದೆ?

ಲ್ಯಾಬಿನೊಳಗೆ ಕೂತವರನ್ನು ಬಯ್ಯುವುದು ನನ್ನ ಉದ್ದೇಶವಲ್ಲ. ಐಸಿಟಿಸಿಯ ಟೆಕ್ನಿಷಿಯನ್ನರು, ಆಪ್ತಸಮಾಲೋಚಕರು ಬಹಳ ಜನ ಗುತ್ತಿಗೆಯವರು. ವರ್ಷ ವರ್ಷ ಕಾಗದದ ಮೇಲೆ ಬದುಕುವ ಅವರೂ ನಮ್ಮವರೇ, ಓದಿದ ಕೂಲಿಗಳು. ಅವರ ಮೇಜಿನ ಮೇಲೆ ಬರುವ ಸಾಮಾನಿನ ಕಥೆಯನ್ನೂ ಕೇಳಿ. 2008ರ ಜನವರಿಯಲ್ಲಿ ವಿಶ್ವಬ್ಯಾಂಕು ಭಾರತದ ಆರೋಗ್ಯ ಯೋಜನೆಗಳ ತನಿಖಾ ವರದಿ ಹೊರಗೆ ಹಾಕಿತು. ಕೆಲವು ಕಂಪನಿಗಳು ಒದಗಿಸಿದ ಎಚ್‌ಐವಿ ಕಿಟ್ಟುಗಳು ತಪ್ಪು ಉತ್ತರ, ಕೆಲಸಕ್ಕೆ ಬಾರದ ಉತ್ತರ ಕೊಡುತ್ತಿದ್ದ ಸೂಚನೆಗಳು ಅದರಲ್ಲಿ ಇದ್ದವು. ಟೆಂಡರಿನಲ್ಲಿ ಗೆದ್ದವನು ಕಂಪನಿಯವನು, ಕಿಟ್ಟು ಕೈಕೊಟ್ಟರೆ ರೋಗಿಯ ಎದುರು ತಲೆ ತಗ್ಗಿಸಿ ನಿಲ್ಲುವವನು ಟೆಕ್ನಿಷಿಯನ್. ಗುತ್ತಿಗೆಯ ಕೈ, ದುರ್ಬಲ ಕಿಟ್ಟು ಇವೆರಡನ್ನು ಇಟ್ಟುಕೊಂಡು ದಕ್ಷತೆಯ ಪರೀಕ್ಷೆಯನ್ನು ಆ ಕೈಗೇ ಮಾಡುವುದು ಅನ್ಯಾಯ.

ಹಾಗಾದರೆ ಊರಿಗೊಂದು ದೊಡ್ಡ ಯಂತ್ರ ಇಡಬೇಕೇನು, ದುಡ್ಡು ಎಲ್ಲಿದೆ ಎಂದು ಕೇಳುವ ಪಂಡಿತರು ಇದ್ದಾರೆ. ಅವರಿಗೆ ಮೊಜಾಂಬಿಕ್ ತೋರಿಸುತ್ತೇನೆ, ನಮಗಿಂತ ಬಡದೇಶ. ಅಲ್ಲಿ ಸಿಡಿ4 ಕಣಗಳನ್ನು ಎಣಿಸುವ ಸಣ್ಣ ಯಂತ್ರವನ್ನು ಪ್ರಾಥಮಿಕ ದವಾಖಾನೆಗಳಲ್ಲೇ ಇಟ್ಟು ನೋಡಿದರು. ಚಿಕಿತ್ಸೆ ಶುರುವಾಗುವ ಮೊದಲೇ ದಾರಿತಪ್ಪಿ ಹೋಗುತ್ತಿದ್ದವರು ನೂರಕ್ಕೆ 64 ಇದ್ದದ್ದು 33ಕ್ಕೆ ಇಳಿಯಿತು ಎಂದು 2011ರಲ್ಲಿ ಪ್ರಕಟವಾಯಿತು. ದೂರದ ಉತ್ತರಕ್ಕೆ ಕಾಯುವುದು ತಪ್ಪಿದ್ದಕ್ಕೇ ಅಷ್ಟು ಜನ ಉಳಿದರು. ಬಿಡಿ ಪರೀಕ್ಷೆಯ ಲೆಕ್ಕದಲ್ಲಿ ಸಣ್ಣ ಯಂತ್ರ ದುಬಾರಿ ಎನಿಸಬಹುದು, ಬದುಕಿದವರ ಲೆಕ್ಕದಲ್ಲಿ ಅದು ಅಗ್ಗ. ನಮ್ಮ ಬೆಂಗಳೂರಿನ ಬಿಗ್‌ಟೆಕ್ ಲ್ಯಾಬಿನಲ್ಲೇ ಟ್ರೂನ್ಯಾಟ್ ಎಂಬ ಸಣ್ಣ ಯಂತ್ರದ ತಂತ್ರ ಬೆಳೆಯಿತು. ಕ್ಷಯದ ಪತ್ತೆಗೆ 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಒಪ್ಪಿತು, ಕೋವಿಡ್ಡಿನಲ್ಲಿ ಅದನ್ನು ಬಳಸಿದರು. ಇಂಥ ಯಂತ್ರಗಳನ್ನು ಎಚ್‌ಐವಿಗೂ ಒರೆಹಚ್ಚಿ ನೋಡಿ, ಸರಿಯಿದ್ದಲ್ಲಿ ಬಸುರಿಯರಿಗೆ, ಕೂಸುಗಳಿಗೆ ಮೊದಲು ಬಳಸಿ. ದೊಡ್ಡ ಯಂತ್ರವೂ ಇರಲಿ, ತಟ್ಟೆ ತುಂಬಲಿ. ಆದರೆ ಇಷ್ಟು ದಿನದೊಳಗೆ ತುಂಬದಿದ್ದರೆ ಅರೆತಟ್ಟೆಯಲ್ಲೇ ಓಡಿಸಬೇಕೆಂಬ ಕಟ್ಟಳೆ ಇರಲಿ. ಆ ಮೂರು ಗುಳಿಯ ಖರ್ಚು ಸರಕಾರದ್ದಾಗಲಿ.

ಕಾನೂನಿನ ಒಂದು ಶಬ್ದಕ್ಕೆ ಬರುತ್ತೇನೆ. 2017ರ ಕಾಯ್ದೆ ಪರೀಕ್ಷೆಯ ಸೌಲಭ್ಯವನ್ನೂ ಔಷಧವನ್ನೂ 'ಸಾಧ್ಯವಾದಷ್ಟು ಮಟ್ಟಿಗೆ' ಒದಗಿಸಬೇಕು ಅನ್ನುತ್ತದೆ. ಸಾಧ್ಯವಾದಷ್ಟು! ಈ ಶಬ್ದ ನಮಗೆ ಹೊಸದಲ್ಲ. ಕೂಲಿ ಕೇಳಿದಾಗ ಜಮೀನ್ದಾರ ಹೇಳಿದ್ದು ಇದೇ, ಬಾವಿಯ ನೀರು ಕೇಳಿದಾಗ ಊರ ಹಿರಿಯರು ಹೇಳಿದ್ದು ಇದೇ. ಯಾವುದು ಸಾಧ್ಯ ಎಂಬುದನ್ನು ಕೊಡುವವನು ನಿರ್ಧರಿಸಿದರೆ ಹಕ್ಕು ಎಂಬುದು ಭಿಕ್ಷೆಯಾಗುತ್ತದೆ. 2022ರಲ್ಲಿ ಔಷಧದ ಕೊರತೆಯಾದಾಗ ಎಚ್‌ಐವಿ ಜೊತೆ ಬದುಕುವವರು ದಿಲ್ಲಿಯಲ್ಲಿ ನ್ಯಾಕೊ ಕಚೇರಿಯ ಮುಂದೆ ವಾರಗಟ್ಟಲೆ ಧರಣಿ ಕೂತರು. ಅವರು ಕೂತದ್ದು ಈ ಶಬ್ದದ ಎದುರಿಗೇ.

ನಮ್ಮ ಬೇಡಿಕೆ ಸರಳವಾಗಿದೆ. ಪ್ರತಿ ನಮೂನೆಗೂ ನಾಲ್ಕು ತಾರೀಖು ಬರೆಯಿರಿ. ರಕ್ತ ತೆಗೆದ ತಾರೀಖು, ಲ್ಯಾಬು ಮುಟ್ಟಿದ ತಾರೀಖು, ಉತ್ತರ ತಯಾರಾದ ತಾರೀಖು, ರಕ್ತ ಕೊಟ್ಟವರಿಗೆ ಉತ್ತರ ತಿಳಿಸಿ ಹೇಳಿದ ತಾರೀಖು. ನಾಲ್ಕನೆಯದು ಖಾಲಿ ಇದ್ದರೆ ಆ ಪರೀಕ್ಷೆಯನ್ನು ಆದ ಪರೀಕ್ಷೆ ಎಂದು ಎಣಿಸಬೇಡಿ. ಹಾಗೆ ಎಣಿಸಿ ನೋಡಿ, ಎಷ್ಟು ದಕ್ಷ ಕೇಂದ್ರಗಳ ಬಣ್ಣ ಬಯಲಾಗುತ್ತದೆಯೋ! ರಿಪೋರ್ಟು ಕನ್ನಡದಲ್ಲಿರಲಿ, ಗುಳಿಗೆ ಬಿಡಬೇಡಿ ಎಂಬ ಒಂದು ಸಾಲು ಅದರಲ್ಲಿರಲಿ, ಓದು ಬಾರದವರಿಗೆ ಸಮಾಲೋಚಕರು ಬಾಯಿಮಾತಿನಲ್ಲಿ ಹೇಳಲಿ. ಖಚಿತ ಪರೀಕ್ಷೆಗೆ ಮನುಷ್ಯರನ್ನು ಅಲೆಸುವ ಬದಲು ಗುಟ್ಟು ಕಾಯ್ದು ರಕ್ತವೇ ಪಯಣಿಸಲಿ. ಟೆಕ್ನಿಷಿಯನ್ನರ ಕೆಲಸ ಕಾಯಂ ಆಗಲಿ. ಪರೀಕ್ಷೆ ಕಡಿಮೆ ಎಂಬ ಒಂದೇ ಕಾರಣಕ್ಕೆ ಯಾವ ಹಳ್ಳಿಯ ಕೇಂದ್ರಕ್ಕೂ ಬೀಗ ಬೀಳದಿರಲಿ.

ವಿದ್ಯಾರ್ಥಿ ಗೆಳೆಯರೆ, 2005ರ ಮಾಹಿತಿ ಹಕ್ಕಿನ ಕಾಯ್ದೆ ನಿಮ್ಮ ಕೈಯಲ್ಲಿದೆ. ಯಾರ ಹೆಸರನ್ನೂ ಕೇಳಬೇಡಿ, ಹೆಸರು ನಮಗೆ ಬೇಡ. ನಿಮ್ಮ ಜಿಲ್ಲೆಯಲ್ಲಿ ರಕ್ತ ತೆಗೆದ ದಿನದಿಂದ ಉತ್ತರ ಮುಟ್ಟಿದ ದಿನಕ್ಕೆ ಸರಾಸರಿ ಎಷ್ಟು ದಿನ, ಉತ್ತರ ಮುಟ್ಟದವರು ಎಷ್ಟು ಜನ, ಇವೆರಡನ್ನೇ ಕೇಳಿ. 2017ರ ಎಚ್‌ಐವಿ ಕಾಯ್ದೆಯ ಪ್ರಕಾರ ದೂರು ಕೇಳುವ ಒಂಬುಡ್ಸ್‌ಮನ್ ಪ್ರತಿ ರಾಜ್ಯದಲ್ಲೂ ಇರಬೇಕು, ಅವರ ವಿಳಾಸ ಪ್ರತಿ ಐಸಿಟಿಸಿಯ ಗೋಡೆಯ ಮೇಲೆ ಇದೆಯೇ ನೋಡಿ. ಮೇಷ್ಟ್ರೆ, ನಿಮ್ಮ ಶಾಲೆಗೆ ಬರುವ ಮಗುವಿನ ಮನೆಯ ಗುಟ್ಟು ನಿಮಗೆ ತಿಳಿದರೆ ಅದು ನಿಮ್ಮಲ್ಲೇ ಮಣ್ಣಾಗಲಿ. ಕವಿಗಳೆ, ಮುತ್ತು ಕಟ್ಟಿಸಿಕೊಂಡವಳ ಕಣ್ಣೀರಿನ ಮೇಲೆ ಬರೆದದ್ದು ಸಾಕಷ್ಟಾಯಿತು. ಅವಳ ರಕ್ತದ ಕೊಳವೆ ಎಲ್ಲಿ ನಿಂತಿದೆ ಎಂದು ಒಂದು ಅರ್ಜಿ ಬರೆಯಿರಿ.

ಅವಳು ರಕ್ತ ಕೊಟ್ಟಿದ್ದಾಳೆ. ಸಾಲ ಸರಕಾರದ ಮೇಲಿದೆ. ಸಾಲ ತೀರಿಸುವ ತಾರೀಖನ್ನು ಸಾಲಗಾರನೇ ಇಡುವ ಕಾಲ ಮುಗಿಯಿತು ಎಂದು ಹೋಗಿ ಹೇಳೋಣ.